ಮೆದುಳಿನ ಥ್ರಿಲ್ಲರ್ ಬರೆಯಲು ಯಾವ ವಿಜ್ಞಾನ ಆರಿಸಿಕೊಳ್ಳುವುದು: ನೆನಪೋ, ತಂತಿಯೋ, ಸ್ಕ್ಯಾನರೋ, ಔಷಧಿಯೋ?

ನನ್ನ ಮೊದಲ ಡ್ರಾಫ್ಟ್‌ನಲ್ಲಿ ವಿಲನ್ ಪಿಸ್ತೂಲು ಹಿಡಿದು ಎಂಆರ್‌ಐ ಕೋಣೆಗೆ ನುಗ್ಗಿದ್ದ. ನಾಯಕಿ ಸ್ಕ್ಯಾನರ್ ಒಳಗೆ ಮಲಗಿದ್ದಳು. ಅವನು ಅವಳಿಗೆ ಗುರಿಯಿಟ್ಟು ಎರಡು ಪುಟ ಡೈಲಾಗ್ ಹೊಡೆದಿದ್ದ. ಓದಿ ನೋಡು ಅಂತ ಒಬ್ಬ ಗೆಳತಿಗೆ ಕೊಟ್ಟೆ. ಅವಳು ಸ್ಕ್ಯಾನಿಂಗ್ ಟೆಕ್ನಿಷಿಯನ್. ಪುಟದ ಅಂಚಿನಲ್ಲಿ ಒಂದೇ ಸಾಲು ಬರೆದು ವಾಪಸ್ ಕೊಟ್ಟಳು: “ಪಿಸ್ತೂಲು ಅವನ ಕೈಯಲ್ಲಿ ಎಲ್ಲಿ ಉಳಿಯುತ್ತದೆ ಮಾರಾಯ?”

ಅವಳು ಹೇಳಿದ್ದು ಸರಿ. 3 ಟೆಸ್ಲಾ (ಕಾಂತಕ್ಷೇತ್ರದ ಅಳತೆ) ಯಂತ್ರದ ಅಯಸ್ಕಾಂತ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 60,000 ಪಟ್ಟು ಜೋರು. ಸ್ಕ್ಯಾನ್ ನಡೆಯುವಾಗ ಮಾತ್ರ ಅದು ಎಳೆಯುತ್ತದೆ ಅಂದುಕೊಂಡಿದ್ದೆ. ರಾತ್ರಿ ಬೀಗ ಹಾಕಿ ಎಲ್ಲರೂ ಮನೆಗೆ ಹೋದ ಮೇಲೂ ಅದು ಎಳೆಯುತ್ತಲೇ ಇರುತ್ತದೆ. ಕತ್ತರಿ, ಕುರ್ಚಿ, ಆಕ್ಸಿಜನ್ ಸಿಲಿಂಡರ್, ಕಬ್ಬಿಣದ್ದು ಏನಿದ್ದರೂ ಹಾರಿ ಹೋಗಿ ಯಂತ್ರಕ್ಕೆ ಬಡಿಯುತ್ತದೆ. ಆ ಒಂದು ಸಾಲಿಗೆ ನನ್ನ ಎರಡು ಪುಟ ಹೋಯಿತು. ಬದಲಿಗೆ ಅದಕ್ಕಿಂತ ಎಷ್ಟೋ ಒಳ್ಳೆಯ ದೃಶ್ಯ ಬಂತು. ಆ ಕೋಣೆಗೆ ಯಾರೂ ಆಯುಧ ತರುವಂತಿಲ್ಲ, ಅದು ನಾಯಕಿಗೆ ಗೊತ್ತು, ವಿಲನ್‌ಗೆ ಗೊತ್ತಿಲ್ಲ.

ಅವತ್ತಿನಿಂದ ನಾನು ಒಂದು ತಂತ್ರಜ್ಞಾನವನ್ನು ಅಳೆಯುವುದು ಅದರಿಂದ ಏನು ಆಗುವುದಿಲ್ಲ ಅನ್ನುವುದರ ಮೇಲೆ. ಏನು ಬೇಕಾದರೂ ಮಾಡಬಲ್ಲ ಯಂತ್ರ ಕೊಟ್ಟರೆ ವಿಲನ್ ಹತ್ತನೇ ಪುಟಕ್ಕೇ ಗೆದ್ದುಬಿಡುತ್ತಾನೆ. ಆಮೇಲೆ ಲೇಖಕನೇ ಸುಮ್ನೆ ಅವನನ್ನು ದಡ್ಡನನ್ನಾಗಿ ಮಾಡಿ ಕಥೆ ಎಳೆಯಬೇಕು. ಮೆದುಳಿನ ಥ್ರಿಲ್ಲರ್‌ಗಳು ಜಾಸ್ತಿ ಸೋಲುವುದು ಇಲ್ಲೇ.

ಈ ಜಾತಿಯ ಕಥೆಗಳಲ್ಲಿ ವಿಲನ್ ಕೈಗೆ ಸಿಗುವ ಅಸ್ತ್ರ ಹೆಚ್ಚುಕಮ್ಮಿ ನಾಲ್ಕು ತರಹದ್ದು. ನೀವು ಬರೆಯುವವರಲ್ಲ, ಓದುವವರು ಅಂದರೂ ಪರವಾಗಿಲ್ಲ. ಯಾವ ಪುಸ್ತಕವನ್ನು ಮೂವತ್ತನೇ ಪುಟಕ್ಕೆ ಕೆಳಗಿಡಬಹುದು ಅಂತ ಗೊತ್ತಾಗುತ್ತದೆ.

ನೆನಪು ತಿದ್ದುವ ಕಥೆ

ನೆನಪು ಅಂದ ಕೂಡಲೇ ಹೊಳೆಯುವುದು ಅಳಿಸುವ ಯಂತ್ರ. ತಲೆಗೊಂದು ಹೆಲ್ಮೆಟ್, ಒಂದು ಬಟನ್, ಎಲ್ಲ ಖಾಲಿ. ಅದನ್ನು ಬಿಟ್ಟುಬಿಡಿ. ಲ್ಯಾಬಿನಲ್ಲಿ ನಡೆದದ್ದು ಅದಕ್ಕಿಂತ ವಿಚಿತ್ರ.

2000ನೇ ಇಸವಿಯಲ್ಲಿ ಕರೀಂ ನಾಡರ್, ಗ್ಲೆನ್ ಶಾಫ್, ಜೋಸೆಫ್ ಲೆಡೂ ಎಂಬ ಮೂವರು ಇಲಿಗಳ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ಇಲಿಗೆ ಒಂದು ಶಬ್ದ ಕೇಳಿಸಿ ಶಾಕ್ ಕೊಟ್ಟರು. ಆಮೇಲೆ ಶಬ್ದ ಕೇಳಿದರೆ ಸಾಕು, ಇಲಿ ಹೆದರಿ ಮರಗಟ್ಟುತ್ತಿತ್ತು. ಒಮ್ಮೆ ಗಟ್ಟಿಯಾದ ನೆನಪು ಒಣಗಿದ ಸಿಮೆಂಟಿನ ಹಾಗೆ ಎಂದೇ ಆವರೆಗೆ ಬಹಳ ಮಂದಿ ನಂಬಿದ್ದರು. ಇವರು ಆ ಶಬ್ದವನ್ನು ಮತ್ತೆ ಕೇಳಿಸಿ, ಇಲಿಗೆ ಶಾಕ್ ನೆನಪಾಗುವ ಹಾಗೆ ಮಾಡಿ, ಆಗ ಮೆದುಳಿನ ಅಮಿಗ್ಡಲಾ ಭಾಗಕ್ಕೆ ಪ್ರೊಟೀನ್ ತಯಾರಿಕೆ ತಡೆಯುವ ಔಷಧಿ ಹಾಕಿದರು. ಮರುದಿನ ಇಲಿಯ ಭಯ ಬಹಳ ಇಳಿದಿತ್ತು. ನೆನಪು ಮಾಡಿಸದೆ ಅದೇ ಔಷಧಿ ಹಾಕಿದರೆ ಭಯ ಹಾಗೇ ಇರುತ್ತಿತ್ತು.

ಅಂದರೆ ನೆನಪು ಹೊರಗೆ ತೆಗೆದಾಗ ಕೆಲವು ಗಂಟೆ ಹಸಿಯಾಗುತ್ತದೆ. ಆಮೇಲೆ ಮತ್ತೆ ಗಟ್ಟಿಯಾಗುತ್ತದೆ. ಕಥೆಗಾರನಿಗೆ ಇದು ಚಿನ್ನದ ಗಣಿ. ಅಳಿಸಬೇಕಾದ ನೆನಪನ್ನು ವಿಲನ್ ಮೊದಲು ನಿಮ್ಮಿಂದಲೇ ಹೊರತೆಗೆಸಬೇಕು. ಬೆಚ್ಚನೆಯ ದನಿಯಲ್ಲಿ ಥೆರಪಿಸ್ಟ್ ಕೇಳುವ “ಆ ದಿನ ಏನಾಯಿತು, ನಿಧಾನಕ್ಕೆ ಹೇಳಿ” ಎಂಬ ಮಾತೇ ಇಡೀ ಪುಸ್ತಕದ ಅತಿ ಭಯಾನಕ ಸಾಲಾಗಬಹುದು. ನಾಯಕನಿಗೆ ಉಳಿದಿರುವ ಒಂದೇ ರಕ್ಷಣೆ ನೆನಪು ಮಾಡಿಕೊಳ್ಳದೇ ಇರುವುದು. ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಅಂದ ಹಾಗೆ, ಅಲ್ವಾ?

ಮನುಷ್ಯರ ಮೇಲೂ ಪ್ರಯತ್ನ ನಡೆದಿದೆ. ಬಿಪಿಗೆ ಕೊಡುವ ಪ್ರೊಪ್ರಾನೊಲಾಲ್ ಮಾತ್ರೆಯನ್ನು ಆಘಾತದ ನೆನಪು ಕಾಡುವವರಿಗೆ ಕೊಟ್ಟು ನೋಡಿದ್ದಾರೆ. ಫಲಿತಾಂಶ ಒಮ್ಮೆ ಹೌದು, ಒಮ್ಮೆ ಇಲ್ಲ. ಆದರೆ ಗುರಿ ಏನು ನೋಡಿ: ಘಟನೆ ನೆನಪಿರಬೇಕು, ಅದರ ಭಯ ಮಾತ್ರ ಇಳಿಯಬೇಕು. ಇದನ್ನೇ ಕೋರ್ಟಿಗೆ ತನ್ನಿ. ಕೊಲೆ ಕಣ್ಣಾರೆ ಕಂಡ ಸಾಕ್ಷಿ ಒಂದು ವಿವರವನ್ನೂ ಮರೆತಿಲ್ಲ. ಆದರೆ ಹವಾಮಾನ ವರದಿ ಓದಿದ ಹಾಗೆ ಹೇಳುತ್ತಾಳೆ. ಯಾರೂ ನಂಬುವುದಿಲ್ಲ. ವಿಲನ್ ಒಂದು ಅಕ್ಷರವನ್ನೂ ಅಳಿಸಿಲ್ಲ, ಗೆದ್ದಿದ್ದಾನೆ.

ಸುಳ್ಳು ನೆನಪು ನೆಡುವುದು ಇನ್ನೊಂದು ದಾರಿ. 2013ರಲ್ಲಿ ಎಂಐಟಿಯ ಸುಸುಮು ಟೊನೆಗಾವ ತಂಡ ಇದನ್ನು ಚಿಟ್ಟಿಲಿಯಲ್ಲಿ ಮಾಡಿ ತೋರಿಸಿತು. ಒಂದು ಪೆಟ್ಟಿಗೆಯಲ್ಲಿ ಇಲಿ ಹಾಯಾಗಿ ಓಡಾಡಿತು. ಆಗ ಕೆಲಸ ಮಾಡಿದ ನರಕೋಶಗಳಿಗೆ, ಬೆಳಕು ಬಿದ್ದರೆ ಎಚ್ಚೆತ್ತುಕೊಳ್ಳುವ ಗುಣ ಬಂದಿತ್ತು. ಮರುದಿನ ಬೇರೆ ಪೆಟ್ಟಿಗೆಯಲ್ಲಿಟ್ಟು, ಬೆಳಕಿನಿಂದ ಮೊದಲ ಪೆಟ್ಟಿಗೆಯ ನೆನಪನ್ನು ಎಬ್ಬಿಸುತ್ತಾ ಕಾಲಿಗೆ ಶಾಕ್ ಕೊಟ್ಟರು. ಮೊದಲ ಪೆಟ್ಟಿಗೆಗೆ ವಾಪಸ್ ಬಿಟ್ಟಾಗ ಇಲಿ ಹೆದರಿ ನಿಂತಿತು. ಅಲ್ಲಿ ಅದಕ್ಕೆ ಏನೂ ಆಗಿರಲೇ ಇಲ್ಲ.

ಇದನ್ನು ನೇರವಾಗಿ ಮನುಷ್ಯನ ಮೇಲೆ ಬಳಸಿದರೆ ಬಲ್ಲ ಓದುಗ ಪುಸ್ತಕ ಮುಚ್ಚುತ್ತಾನೆ. ಜೀನ್ ಬದಲಾಯಿಸಬೇಕು, ತಲೆಬುರುಡೆ ಕೊರೆದು ಆಪ್ಟಿಕಲ್ ಫೈಬರ್ ಇಳಿಸಬೇಕು, ಇಷ್ಟೆಲ್ಲ ಯಾರಿಗೂ ತಿಳಿಯದ ಹಾಗೆ ಮಾಡುವುದು ಹೇಗೆ? ಆದರೆ ಅಷ್ಟು ಕಷ್ಟವೇ ಬೇಕಿಲ್ಲ. 1995ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್‌ರೆಲ್ 24 ಜನರಿಗೆ ಅವರ ಬಾಲ್ಯದ ನಾಲ್ಕು ಘಟನೆಗಳನ್ನು ಬರೆದು ಕೊಟ್ಟರು. ಮೂರು ನಿಜ, ಮನೆಯವರಿಂದಲೇ ಕೇಳಿ ಬರೆದದ್ದು. ಒಂದು ಸುಳ್ಳು: ಚಿಕ್ಕವರಿದ್ದಾಗ ಮಾಲ್‌ನಲ್ಲಿ ಕಳೆದುಹೋಗಿದ್ದಿರಿ ಅಂತ. ಸುಮಾರು ಕಾಲು ಭಾಗದಷ್ಟು ಜನ ಅದು ತಮಗೆ ಪೂರ್ತಿಯಾಗಿಯೋ ಅರ್ಧಂಬರ್ಧವೋ ನೆನಪಿದೆ ಅಂದರು. ತಂತಿ ಇಲ್ಲ, ಔಷಧಿ ಇಲ್ಲ. ಬೇಕಾದದ್ದು ಮನೆಯವರ ಹೆಸರು ಮತ್ತು ಮೂರು ನಿಜದ ಜೊತೆ ಒಂದು ಸುಳ್ಳು. ನನ್ನ ಕೇಳಿದರೆ ಅತಿ ಅಗ್ಗದ, ಅತಿ ಅಪಾಯದ ವಿಲನ್ ಇವನೇ.

ನೆನಪಿನ ಕಥೆಗೆ ನಿಧಾನ ಬೇಕು. ‘ನಾನು’ ಎಂದು ಹೇಳುವ ನಿರೂಪಕ ಇದ್ದರೆ ಇನ್ನೂ ಚೆನ್ನ. ಬಡಿದಾಟ, ಚೇಸ್ ಬರೆಯುವುದೇ ನಿಮಗೆ ಇಷ್ಟ ಅಂದರೆ ಇಲ್ಲಿ ಕೈ ಕಟ್ಟಿದ ಹಾಗಾಗುತ್ತದೆ. ಇನ್ನೊಂದು ಕಷ್ಟವೂ ಇದೆ. ಕೊನೆಯಲ್ಲಿ “ಅದೆಲ್ಲ ಸುಳ್ಳು ನೆನಪು” ಅಂದರೆ ಓದುಗನಿಗೆ ಮೋಸ ಹೋದ ಭಾವ ಬರಬಾರದು. ಸುಳಿವುಗಳನ್ನು ಮೊದಲಿನಿಂದಲೇ ಬಿತ್ತಿರಬೇಕು. ಅದು ಸುಲಭವಲ್ಲ.

ತಲೆಯೊಳಗಿನ ತಂತಿ

1963, ಸ್ಪೇನ್‌ನ ಕೊರ್ಡೋಬಾ. ಒಂದು ಗೂಳಿ ಕಾಳಗದ ಕಣ. ಒಳಗೆ ನಿಂತಿದ್ದಾತ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿ ಹೋಸೆ ಡೆಲ್ಗಾಡೊ. ಗೂಳಿಯ ಮೆದುಳಿಗೆ ಮೊದಲೇ ಎಲೆಕ್ಟ್ರೋಡ್ ಹಾಕಿದ್ದರು. ಗೂಳಿ ನೇರ ಅವರ ಮೇಲೆ ನುಗ್ಗಿ ಬಂತು. ಅವರು ಕೈಯಲ್ಲಿದ್ದ ರೇಡಿಯೊ ಟ್ರಾನ್ಸ್‌ಮಿಟರ್ ಒತ್ತಿದರು. ಗೂಳಿ ಗಕ್ಕನೆ ನಿಂತಿತು.

ಇಷ್ಟು ಕೇಳಿದ ಕಥೆಗಾರರೆಲ್ಲ ಗೂಳಿ ಇದ್ದ ಜಾಗದಲ್ಲಿ ಸೈನಿಕನನ್ನು ನಿಲ್ಲಿಸಿ ಬರೆದುಬಿಡುತ್ತಾರೆ. ನನಗೆ ರುಚಿಸುವುದು ಆಮೇಲೆ ನಡೆದ ಜಗಳ. ಗೂಳಿಯ ಸಿಟ್ಟು ಇಳಿಯಿತು ಎನ್ನುವುದು ಡೆಲ್ಗಾಡೊ ವಾದ. ಸಿಟ್ಟು ಹಾಗೇ ಇತ್ತು, ಕರೆಂಟ್ ಹೊಡೆದದ್ದರಿಂದ ಅದಕ್ಕೆ ಮುಂದೆ ಹೋಗಲು ಆಗಲಿಲ್ಲ, ಪಕ್ಕಕ್ಕೆ ತಿರುಗಿತು ಅಷ್ಟೇ ಎನ್ನುವುದು ಟೀಕಾಕಾರರ ವಾದ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ತರಹ ಕಾಣುತ್ತದೆ. ಒಂದು ಒಪ್ಪಂದಕ್ಕೆ ಸಹಿ ಹಾಕಿದ ಮನುಷ್ಯನ ವಿಷಯದಲ್ಲಿ ಇದೇ ಪ್ರಶ್ನೆ ಕೇಳಿ ನೋಡಿ. ಅವನು ಒಪ್ಪಿದನೋ, ಬೇಡ ಅನ್ನಲು ಆಗಲಿಲ್ಲವೋ?

ಇವತ್ತಿನ ತಂತಿಯ ಕಥೆಗೆ ಗೂಳಿಗಿಂತ ಆಸ್ಪತ್ರೆಯೇ ಒಳ್ಳೆಯ ಜಾಗ. 1987ರಲ್ಲಿ ಫ್ರಾನ್ಸ್‌ನ ಗ್ರನೋಬಲ್‌ನಲ್ಲಿ ಅಲಿಂ-ಲೂಯಿ ಬೆನಾಬಿದ್ ಕೈನಡುಕದ ರೋಗಿಗಳ ಮೆದುಳಿಗೆ ಎಲೆಕ್ಟ್ರೋಡ್ ಇಳಿಸಿ, ವೇಗವಾಗಿ ಕರೆಂಟ್ ಮಿಡಿಸಿದರೆ ನಡುಕ ನಿಲ್ಲುತ್ತದೆ ಎಂದು ಕಂಡುಕೊಂಡರು. ಡೀಪ್ ಬ್ರೈನ್ ಸ್ಟಿಮ್ಯುಲೇಷನ್ ಬೆಳೆದದ್ದು ಅಲ್ಲಿಂದ. ಸೆಕೆಂಡಿಗೆ 130ರ ಆಸುಪಾಸು ಮಿಡಿತ. ಬ್ಯಾಟರಿ ಸಾಮಾನ್ಯವಾಗಿ ಕೊರಳಿನ ಮೂಳೆಯ ಕೆಳಗೆ, ಚರ್ಮದ ಒಳಗೆ. ಎಷ್ಟು ಕರೆಂಟ್ ಎಂದು ವೈದ್ಯರು ಹೊರಗಿನಿಂದಲೇ ಸೆಟ್ ಮಾಡುತ್ತಾರೆ.

ಪಾರ್ಕಿನ್ಸನ್ ರೋಗಿಗಳಿಗೆ ಇದರಿಂದ ಆದ ಉಪಕಾರ ದೊಡ್ಡದು. ಆದರೆ ಕೆಲವರಲ್ಲಿ ಸ್ವಭಾವ ಬದಲಾದದ್ದೂ ದಾಖಲಾಗಿದೆ. ಅತಿ ಉತ್ಸಾಹ, ಜೂಜಿನ ಹುಚ್ಚು. ಇದನ್ನು ಮೊದಲು ಗಮನಿಸುವುದು ಎಷ್ಟೋ ಸಲ ಮನೆಯವರೇ. ರೋಗಿಯ ಪ್ರಕಾರ ತಾನು ಯಾವತ್ತಿಗಿಂತ ಚೆನ್ನಾಗಿದ್ದಾನೆ. ಊಟದ ಹೊತ್ತಿನಲ್ಲಿ ಹೆಂಡತಿ “ನೀವು ನೀವಾಗಿಲ್ಲ” ಅಂದಾಗ ಅವನು ನಗುತ್ತಾನೆ. ನಿಜವಾಗಿಯೂ ಖುಷಿಯಾಗಿ ನಗುತ್ತಾನೆ. ಯಾರೋ ಎಲ್ಲೋ ಅರ್ಧ ವೋಲ್ಟ್ ಏರಿಸಿದ್ದಾರೆ. ಇಂಥ ದಾಳಿಗೆ ‘ಬ್ರೈನ್‌ಜಾಕಿಂಗ್’ ಎಂಬ ಹೆಸರನ್ನು 2016ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯ ಲೇಖನವೇ ಕೊಟ್ಟಿತು.

ಇದರ ಮಿತಿ ನೋಡಿ. ತಂತಿಗೆ ಮಾತು ಬರುವುದಿಲ್ಲ. “ಮಂತ್ರಿಯನ್ನು ಕೊಲ್ಲು” ಅನ್ನುವ ಆಜ್ಞೆಯನ್ನು ಎಲೆಕ್ಟ್ರೋಡ್‌ನಲ್ಲಿ ಕಳಿಸಲು ಆಗುವುದಿಲ್ಲ. ಹೆಚ್ಚೆಂದರೆ ಮನಸ್ಸಿನ ಬಣ್ಣ ಬದಲಾಯಿಸಬಹುದು, ಹಂಬಲ ಏರಿಸಬಹುದು, ಕೈಕಾಲು ತಡೆಯಬಹುದು. ಮಿಕ್ಕದ್ದನ್ನು ವಿಲನ್ ಹೊರಗಿನ ಪರಿಸ್ಥಿತಿಯಿಂದ ಮಾಡಿಸಬೇಕು. ಸಾಲದಲ್ಲಿರುವ ಮನುಷ್ಯ, ಜೂಜಿನ ಟೇಬಲ್, ಅರ್ಧ ವೋಲ್ಟ್. ಅದು ಒಳ್ಳೆಯ ಪ್ಲಾಟ್.

ವಿಲನ್ ಅಂತ ಒಬ್ಬ ಮನುಷ್ಯನೇ ಬೇಕು ಅಂತಲೂ ಇಲ್ಲ. ಕುರುಡರಿಗೆ ಸ್ವಲ್ಪ ಬೆಳಕಿನ ಗುರುತು ಕೊಡುತ್ತಿದ್ದ ಒಂದು ರೆಟಿನಾ ಇಂಪ್ಲಾಂಟ್ ಇತ್ತು. 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡಿದ್ದರು. 2020ರ ಹೊತ್ತಿಗೆ ಅದನ್ನು ಮಾಡಿದ ಕಂಪನಿ ದಿವಾಳಿಯ ಅಂಚಿಗೆ ಬಂತು. ಯಂತ್ರ ಕಣ್ಣಿನಲ್ಲೇ ಉಳಿಯಿತು, ರಿಪೇರಿ ಮಾಡುವವರು ಇಲ್ಲವಾದರು. ಇದೇ ಸಂಗತಿ ಮೆದುಳಿನೊಳಗಿನ ಯಂತ್ರಕ್ಕೆ ಆದರೆ? ಬೀಗ ಹಾಕಿದ ಆಫೀಸು, ಯಾರೂ ಎತ್ತದ ಫೋನು, ಇಳಿಯುತ್ತಿರುವ ಬ್ಯಾಟರಿ. ಬಾಂಬ್ ಇಲ್ಲದೆ ಟೈಂ ಬಾಂಬ್ ಸಿಕ್ಕಿತು.

ಮನಸ್ಸು ಓದುವ ಯಂತ್ರ

ಇದರಲ್ಲಿ ಹೋಂವರ್ಕ್ ಜಾಸ್ತಿ. ಮಾಡಿದರೆ ಫಲವೂ ಜಾಸ್ತಿ.

2023ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್‌ನಲ್ಲಿ ಅಲೆಕ್ಸಾಂಡರ್ ಹುತ್ ಅವರ ತಂಡ ಎಫ್‌ಎಂಆರ್‌ಐ (ಮೆದುಳು ಕೆಲಸ ಮಾಡುವುದನ್ನು ಹಿಡಿಯುವ ಎಂಆರ್‌ಐ) ಸ್ಕ್ಯಾನ್‌ನಿಂದ ಮನಸ್ಸಿನ ಮಾತಿನ ಸಾರಾಂಶ ತೆಗೆದು ತೋರಿಸಿತು. ಒಬ್ಬೊಬ್ಬರೂ ಸುಮಾರು 16 ಗಂಟೆ ಸ್ಕ್ಯಾನರ್‌ನಲ್ಲಿ ಮಲಗಿ ಕಥೆ ಕೇಳಿದ್ದರು. ಆ ಡೇಟಾದಿಂದ ಕಂಪ್ಯೂಟರ್ ಅವರವರ ಮೆದುಳನ್ನು ಕಲಿಯಿತು. ಅದರಿಂದ ಬಂದದ್ದು ಪದಕ್ಕೆ ಪದವಲ್ಲ, ಭಾವಾರ್ಥ. ಅವರೇ ಕೊಟ್ಟ ಒಂದು ಉದಾಹರಣೆ ನನ್ನನ್ನು ಬಿಟ್ಟೇ ಇಲ್ಲ. ಕೇಳಿಸಿದ ಸಾಲಿನ ಅರ್ಥ “ನನಗೆ ಇನ್ನೂ ಡ್ರೈವಿಂಗ್ ಲೈಸೆನ್ಸ್ ಇಲ್ಲ” ಅಂತ. ಯಂತ್ರ ಹೇಳಿದ್ದರ ಅರ್ಥ “ಅವಳು ಇನ್ನೂ ಡ್ರೈವಿಂಗ್ ಕಲಿಯಲು ಶುರು ಕೂಡ ಮಾಡಿಲ್ಲ” ಅಂತ.

‘ನಾನು’ ಎಂಬುದು ‘ಅವಳು’ ಆಗಿಬಿಟ್ಟಿದೆ! ಇದನ್ನು ವಿಚಾರಣೆಯ ಕೋಣೆಗೆ ಒಯ್ಯಿರಿ. “ನಾನು ಅವನನ್ನು ತಳ್ಳಿದೆ” ಮತ್ತು “ಅವಳು ಅವನನ್ನು ತಳ್ಳಿದಳು”, ಇವೆರಡರ ನಡುವೆ ಒಂದು ಜೀವ ನಿಂತಿದೆ. ಯಂತ್ರಕ್ಕೆ ವಿಷಯ ಗೊತ್ತಾಗಿದೆ, ಯಾರು ಅನ್ನುವುದು ಗೊತ್ತಿಲ್ಲ. ಇಡೀ ಕಾದಂಬರಿಯನ್ನು ಈ ಒಂದು ಸರ್ವನಾಮದ ಮೇಲೆ ನಿಲ್ಲಿಸಬಹುದು.

ಇನ್ನೂ ಇದೆ. ಒಬ್ಬರ ಮೇಲೆ ಕಲಿಸಿದ ಯಂತ್ರ ಇನ್ನೊಬ್ಬರ ಮೇಲೆ ಕೆಲಸ ಮಾಡಲಿಲ್ಲ. ಮನಸ್ಸಿಲ್ಲದವರು ಅದನ್ನು ಕೆಡಿಸಲೂ ಬಹುದಿತ್ತು. ಮನಸ್ಸಿನಲ್ಲೇ ಏಳೇಳು ಸೇರಿಸಿ ಎಣಿಸುವುದನ್ನೂ ಪರೀಕ್ಷಿಸಿ ನೋಡಿದರು. ಪ್ರಾಣಿಗಳ ಹೆಸರು ಹೇಳಿಕೊಂಡರೆ, ಬೇರೆ ಕಥೆ ಕಟ್ಟಿಕೊಂಡರೆ ಯಂತ್ರ ದಾರಿ ತಪ್ಪುತ್ತಿತ್ತು. ಆದ್ದರಿಂದ ವಿಲನ್ ಯಾರನ್ನೋ ಎಳೆದು ತಂದು ಐದು ನಿಮಿಷದಲ್ಲಿ ಗುಟ್ಟು ತೆಗೆಯುವ ದೃಶ್ಯ ನಡೆಯುವುದಿಲ್ಲ. ಆ 16 ಗಂಟೆ ಅವನಿಗೆ ಎಲ್ಲಿಂದ ಸಿಗಬೇಕು? ಸಂಶೋಧನೆಗೆ ಸಹಾಯ ಮಾಡಿ ಅಂತ ಕೇಳಬೇಕು, ದುಡ್ಡು ಕೊಡಬೇಕು, ಒಳ್ಳೆಯ ಕಥೆ ಕೇಳಿಸಬೇಕು. ಮೊದಲ ಮೂರು ಅಧ್ಯಾಯದಲ್ಲಿ ಅವನು ವಿಲನ್ ಅಂತಲೇ ಕಾಣುವುದಿಲ್ಲ.

ಹುಷಾರಾಗಿರಬೇಕಾದ ಕಡೆ ಒಂದಿದೆ. ಎಫ್‌ಎಂಆರ್‌ಐ ನೋಡುವುದು ರಕ್ತದ ಓಟವನ್ನು, ಅದು ಯೋಚನೆಗಿಂತ ಕೆಲವು ಸೆಕೆಂಡ್ ಹಿಂದೆ. ಯೋಚಿಸಿದ ಕ್ಷಣವೇ ಪರದೆ ಮೇಲೆ ಅಕ್ಷರ ಮೂಡಿಸಬೇಡಿ. ಈ ಚಿತ್ರಗಳನ್ನು ಕಣ್ಣುಮುಚ್ಚಿ ನಂಬುವುದೂ ಬೇಡ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಜೊತೆಗಾರರು ಒಂದು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ ಮನುಷ್ಯರ ಫೋಟೊ ತೋರಿಸಿದರು. ಲೆಕ್ಕದಲ್ಲಿ ಮಾಡಲೇಬೇಕಾದ ಒಂದು ತಿದ್ದುಪಡಿಯನ್ನು ಮಾಡದೇ ಹೋದರೆ, ಸತ್ತ ಮೀನಿನ ಮೆದುಳಿನಲ್ಲೂ ‘ಚಟುವಟಿಕೆ’ ಕಂಡಿತು. ಈ ಮೀನು ನನ್ನ ಕಥೆಯಲ್ಲಿ ಒಂದು ಫೋಟೊ ಆಗಿ ವಕೀಲೆಯ ಗೋಡೆ ಮೇಲಿದೆ.

ದೊಡ್ಡ ಯಂತ್ರ ಬೇಡ, ಹಣೆಗೆ ಕಟ್ಟುವ ಹೆಡ್‌ಸೆಟ್ ಸಾಕು ಅಂತೀರಾ? ಅದಕ್ಕೂ ದಾರಿ ಇದೆ. ಗುರುತಿನ ವಸ್ತು ಕಂಡಾಗ ಸುಮಾರು 300 ಮಿಲಿಸೆಕೆಂಡಿಗೆ ಇಇಜಿಯಲ್ಲಿ (ತಲೆಯ ಮೇಲಿಂದ ಮೆದುಳಿನ ವಿದ್ಯುತ್ ಅಳೆಯುವ ದಾಖಲೆ) ಒಂದು ಅಲೆ ಏಳುತ್ತದೆ, ಪಿ300 ಅನ್ನುತ್ತಾರೆ. 2012ರಲ್ಲಿ ಸಂಶೋಧಕರು ಆಟಕ್ಕೆ ಬಳಸುವ ಅಗ್ಗದ ಹೆಡ್‌ಸೆಟ್ ಹಾಕಿಸಿ, ಬ್ಯಾಂಕ್‌ಗಳ, ಅಂಕಿಗಳ, ಜಾಗಗಳ ಚಿತ್ರ ತೋರಿಸಿ, ಗುಟ್ಟಿನ ಮಾಹಿತಿ ಊಹಿಸುವುದು ಎಷ್ಟು ಸುಲಭವಾಗುತ್ತದೆ ಎಂದು ನೋಡಿದರು. ಪೂರ್ತಿ ಉತ್ತರ ಸಿಗಲಿಲ್ಲ, ಕುರುಡು ಊಹೆಗಿಂತ ಚೆನ್ನಾಗಿ ಸಿಕ್ಕಿತು. ಕಾನೂನೂ ಎಚ್ಚೆತ್ತಿದೆ. ಚಿಲಿ ದೇಶ 2021ರಲ್ಲಿ ಮೆದುಳಿನ ಮಾಹಿತಿಯ ರಕ್ಷಣೆಯನ್ನು ಸಂವಿಧಾನಕ್ಕೇ ಸೇರಿಸಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಬ್ಬ ಮಾಜಿ ಸೆನೆಟರ್ ಅವರ ಮೆದುಳಿನ ಡೇಟಾ ಅಳಿಸುವಂತೆ ಹೆಡ್‌ಸೆಟ್ ಕಂಪನಿಗೆ ಹೇಳಿತು. ಕೋರ್ಟ್ ಡ್ರಾಮಾ ಬರೆಯುವವರಿಗೆ ಇದರಷ್ಟು ಹೊಸ ನೆಲ ಬೇರೆ ಇಲ್ಲ.

ಔಷಧಿ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸತ್ಯ ಹೇಳುವ ಇಂಜೆಕ್ಷನ್, ಹೇಳಿದ್ದು ಕೇಳುವ ಮಾತ್ರೆ, ಎಲ್ಲ ಸವೆದುಹೋಗಿದೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ 1953ರಲ್ಲಿ ಶುರು ಮಾಡಿದ ಎಂಕೆ-ಅಲ್ಟ್ರಾ ಯೋಜನೆಯಲ್ಲಿ, ತಿಳಿಸದೆಯೇ ಜನರಿಗೆ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕ ಕೊಟ್ಟರು. ಎಷ್ಟೋ ಬದುಕು ಹಾಳಾಯಿತು. ಹೇಳಿದ್ದು ಕೇಳುವ ಮನುಷ್ಯ ಮಾತ್ರ ತಯಾರಾಗಲಿಲ್ಲ.

ಆದರೂ ಅದರಲ್ಲಿ ಒಂದು ತುಣುಕು ಎತ್ತಿಕೊಳ್ಳುವಂಥದ್ದು. 1973ರಲ್ಲಿ ಕಡತಗಳನ್ನು ನಾಶ ಮಾಡಲು ಆಜ್ಞೆ ಬಂತು. ಲೆಕ್ಕಪತ್ರಗಳ ಜೊತೆ ಬೇರೆ ಕಡೆ ಇಟ್ಟಿದ್ದ ಸುಮಾರು 20,000 ದಾಖಲೆಗಳು ತಪ್ಪಿಸಿಕೊಂಡವು, 1977ರಲ್ಲಿ ಹೊರಬಂದವು. ಎಲ್ಲವನ್ನೂ ಸುಟ್ಟವರು ಬಿಲ್ ಸುಡಲು ಮರೆತಿದ್ದರು. ನಿಮ್ಮ ಹೀರೊ ಹ್ಯಾಕರ್ ಆಗಬೇಕಿಲ್ಲ, ಅಕೌಂಟೆಂಟ್ ಆದರೂ ಸಾಕು.

ಹಾಗಾದರೆ ಯಾವುದು?

ಮೊದಲ ಸಲ ಬರೆಯುತ್ತಿದ್ದರೆ ತಂತಿ. ಗಡಿಯಾರ ಅದರೊಳಗೇ ಇದೆ, ಬ್ಯಾಟರಿ ಇಳಿಯುತ್ತಾ ಇರುತ್ತದೆ, ಕಥೆ ತಾನಾಗಿ ಓಡುತ್ತದೆ. ಪಾತ್ರಗಳ ಒಳಮನಸ್ಸು ಬರೆಯುವುದು ನಿಮ್ಮ ಕೈಗೆ ಒಗ್ಗುತ್ತದೆ ಅಂದರೆ ನೆನಪು. ಸಂಭಾಷಣೆ ಚೆನ್ನಾಗಿ ಬರುತ್ತದೆ, ಓದಿ ತಿಳಿದುಕೊಳ್ಳುವ ತಾಳ್ಮೆಯೂ ಇದೆ ಅಂದರೆ ಸ್ಕ್ಯಾನರ್. ಔಷಧಿಯನ್ನು ಹಳೆಯ ಕಾಲದ ಕಥೆಗೆ ಮಾತ್ರ ಇಟ್ಟುಕೊಳ್ಳಿ. ಎರಡನ್ನು ಬೆರೆಸಬೇಡಿ. ನೆನಪು ಓದಿ, ಅದನ್ನೇ ತಂತಿಯಿಂದ ಬದಲಾಯಿಸುವ ಯಂತ್ರ ಬಂದ ಕೂಡಲೇ ಮಿತಿಗಳೆಲ್ಲ ಕರಗಿಹೋಗುತ್ತವೆ. ಮತ್ತೆ ನಾವು ಬಟನ್ ಮತ್ತು ಹೆಲ್ಮೆಟ್‌ಗೆ ವಾಪಸ್. ಮನುಷ್ಯ ಮೆದುಳಿನ ಹತ್ತೇ ಪರ್ಸೆಂಟ್ ಬಳಸುತ್ತಾನೆ ಎಂಬ ಸಾಲು ಎಲ್ಲಾದರೂ ನುಸುಳಿದ್ದರೆ ಇವತ್ತೇ ಹೊಡೆದು ಹಾಕಿ.

ಯಾವುದನ್ನೇ ಆರಿಸಿ, ವಿಲನ್‌ಗೆ ಒಳ್ಳೆಯ ಕಾರಣ ಕೊಡಿ. ಮೆದುಳಿನ ಮುಂಭಾಗದ ನರಗಳ ಸಂಪರ್ಕ ಕತ್ತರಿಸುವ ಆಪರೇಷನ್ ಅನ್ನು 1935ರಲ್ಲಿ ಪೋರ್ಚುಗಲ್‌ನ ಎಗಾಸ್ ಮೊನಿಜ್ ಶುರು ಮಾಡಿದರು. 1949ರಲ್ಲಿ ಅದಕ್ಕೆ ನೊಬೆಲ್ ಬಂತು. ಅಮೆರಿಕದ ವಾಲ್ಟರ್ ಫ್ರೀಮನ್ 1946ರಿಂದ ಕಣ್ಣುಗುಡ್ಡೆಯ ಮೇಲಿಂದ ಮೊಳೆಯಂಥ ಉಪಕರಣ ತೂರಿಸಿ ಅದನ್ನು ನಿಮಿಷಗಳಲ್ಲಿ ಮುಗಿಸುತ್ತಿದ್ದರು, ಊರೂರು ಸುತ್ತಿ ಮಾಡಿದರು. ಕತ್ತಲೆ ಕೋಣೆಯಲ್ಲಿ ಕದ್ದು ಮಾಡಿದ್ದಲ್ಲ. ಹಗಲು ಹೊತ್ತಿನಲ್ಲಿ, ಬೇರೆ ವೈದ್ಯರು ನೋಡುತ್ತಿರುವಾಗ, ಮನೆಯವರು ಸಹಿ ಹಾಕಿದ ಮೇಲೆ. ಅಟ್ಟಹಾಸ ಮಾಡುವ ವಿಲನ್ ಇದರ ಮುಂದೆ ಮಕ್ಕಳ ನಾಟಕದ ರಾಕ್ಷಸ.

ನಾನಂತೂ ಇನ್ನೂ ಸ್ಕ್ಯಾನರ್ ಕೋಣೆಯಲ್ಲೇ ಇದ್ದೇನೆ. ಪಿಸ್ತೂಲು ಯಂತ್ರಕ್ಕೆ ಅಂಟಿಕೊಂಡಿದೆ. ನಾಯಕಿ ಕಣ್ಣುಮುಚ್ಚಿ ಎಣಿಸುತ್ತಿದ್ದಾಳೆ: 70, 77, 84, 91, 97. ಗೆಳತಿ ಈ ಸಲವೂ ಅಂಚಿನಲ್ಲಿ ಬರೆದಳು: “98 ಆಗಬೇಕಿತ್ತು, ಲೆಕ್ಕ ತಪ್ಪಿದೆ.” ನಾನು ತಿದ್ದಿಲ್ಲ. ಪರದೆ ಮೇಲೆ ಮೊದಲ ವಾಕ್ಯ ಮೂಡುವುದು ಅಲ್ಲೇ.